ತಪಸ್ಸಿನ ಹೆಸರಿನಲ್ಲಿ ತೂಕ ಇಳಿಸುವವರು

ಇತ್ತೀಚಿನ ವರ್ಷಗಳಲ್ಲಿ ಜೈನ ಸಮಾಜದ ಸಭೆ-ಸಮಾರಂಭಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ರಾತ್ರಿಭೋಜನ ತ್ಯಾಗವನ್ನೂ ಒಪ್ಪೊತ್ತಿನ ಊಟವನ್ನೂ ಪಾಶ್ಚಾತ್ಯ ವಿಜ್ಞಾನವು ಈಗ ‘ಇಂಟರ್‌ಮಿಟೆಂಟ್ ಫಾಸ್ಟಿಂಗ್’ ಎಂಬ ಹೆಸರಿನಲ್ಲಿ ಒಪ್ಪಿಕೊಂಡಿದೆ, ಆದುದರಿಂದ ಅವುಗಳನ್ನು ಪಾಲಿಸಿದರೆ ತೂಕವೂ ಇಳಿಯುತ್ತದೆ, ಪುಣ್ಯವೂ ಲಭಿಸುತ್ತದೆ ಎಂಬುದೇ ಆ ಮಾತು. ಭಾಷಣಕಾರರು ಹೀಗೆಂದಾಗ ಸಭಿಕರು ಸಂತೋಷದಿಂದ ಚಪ್ಪಾಳೆ ತಟ್ಟುತ್ತಾರೆ. ಧರ್ಮಕ್ಕೆ ವಿಜ್ಞಾನದ ಮೊಹರು ಬಿದ್ದಿತಲ್ಲ ಎಂಬ ಸಮಾಧಾನ ಅವರದು. ಮರುದಿನದಿಂದ ಅನೇಕ ಮನೆಗಳಲ್ಲಿ ಬೆಳಗಿನ ತಿಂಡಿ ನಿಲ್ಲುತ್ತದೆ, ಸಂಜೆಯ ಊಟ ಎರಡು ಬಾಳೆಹಣ್ಣಿಗೆ ಇಳಿಯುತ್ತದೆ. ಎರಡು ತಿಂಗಳಲ್ಲಿ ತೂಕದ ಯಂತ್ರದ ಮುಳ್ಳು ನಾಲ್ಕಾರು ಕಿಲೋ ಹಿಂದಕ್ಕೆ ಸರಿಯುತ್ತದೆ. ನೆಂಟರಿಷ್ಟರು ಹೊಗಳುತ್ತಾರೆ.

ಇಳಿದ ಆ ನಾಲ್ಕಾರು ಕಿಲೋಗಳಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಎಂದು ಯಾರೂ ಕೇಳುವುದಿಲ್ಲ. ಅಂಗಡಿಯ ದಾಸ್ತಾನು ಕಡಿಮೆಯಾದರೆ ಸರಕು ಮಾರಾಟವಾಯಿತೋ, ಕಳುವಾಯಿತೋ ಎಂದು ತಕ್ಷಣ ವಿಚಾರಿಸುವ ವರ್ತಕ ಸಮಾಜವು ಸ್ವಂತ ದೇಹದ ದಾಸ್ತಾನಿನ ವಿಷಯದಲ್ಲಿ ಮಾತ್ರ ಇಷ್ಟು ಉದಾಸೀನವಾಗಿರುವುದು ಆಶ್ಚರ್ಯ.

ಮೊದಲಿಗೆ ಧರ್ಮದ ವಿಷಯ. ಆರು ಬಾಹ್ಯ ತಪಸ್ಸುಗಳಲ್ಲಿ ಅನಶನವು ಮೊದಲನೆಯದು, ಅವಮೌದರ್ಯವು ಎರಡನೆಯದು. ಇವೆರಡರ ಗುರಿ ಕರ್ಮನಿರ್ಜರೆ, ಸೊಂಟದ ಸುತ್ತಳತೆಯಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ವ್ರತಿಯಾದವನಲ್ಲಿ ಶಲ್ಯವಿರಬಾರದೆಂದು ವಿಧಿಸುತ್ತದೆ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಲ್ಲಿ ನಿದಾನವೆಂದರೆ ವ್ರತದ ಫಲವಾಗಿ ಲೌಕಿಕ ಭೋಗವನ್ನು ಬಯಸುವುದು. ಮಗನ ಮದುವೆಯ ಹೊತ್ತಿಗೆ ಹಳೆಯ ಜರತಾರಿ ಕುಪ್ಪಸ ಮೈಗೆ ಹಿಡಿಯಲೆಂದು ಹಿಡಿದ ಏಕಭುಕ್ತವನ್ನು ಬೇರೆ ಯಾವ ಹೆಸರಿನಿಂದ ಕರೆಯಬೇಕು? ತೂಕ ಇಳಿಸುವುದು ಪಾಪವೆಂದು ಇದರ ಅರ್ಥವಲ್ಲ. ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವು ಇವುಗಳಿಂದ ಬಳಲುವವರು ವೈದ್ಯರ ಸಲಹೆಯಂತೆ ತೂಕ ಇಳಿಸಲೇಬೇಕು. ಆದರೆ ಅದನ್ನು ಪಥ್ಯವೆಂದು ಕರೆಯಲಿ, ಪಥ್ಯದ ನಿಯಮಗಳಿಂದಲೇ ನಡೆಸಲಿ. ತಪಸ್ಸೆಂದು ಕರೆದೊಡನೆ ಪ್ರಶ್ನೆ ಕೇಳುವವರ ಬಾಯಿ ಮುಚ್ಚುತ್ತದೆ. ಏನು ತಿನ್ನುತ್ತೀರಿ, ಎಷ್ಟು ತಿನ್ನುತ್ತೀರಿ ಎಂದು ಸೊಸೆ ಕೇಳುವಂತಿಲ್ಲ, ಮಗ ಕೇಳುವಂತಿಲ್ಲ, ವೈದ್ಯರೂ ಸಂಕೋಚಪಡುತ್ತಾರೆ. ತಪಸ್ಸು ಮಾಡುವವನಿಗೂ ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೆಂಬುದನ್ನು ಇಟ್ಟಿದ್ದಾರೆ. ಶಕ್ತಿಗೆ ತಕ್ಕ ತಪಸ್ಸು ಎನ್ನುವಾಗ ಶಕ್ತಿ ಎಷ್ಟಿದೆ ಎಂದು ಅಳೆಯುವ ಹೊಣೆಯೂ ಅದರೊಳಗೇ ಬರುತ್ತದೆ.

ಆ ಶಕ್ತಿ ಇರುವುದು ಸ್ನಾಯುವಿನಲ್ಲಿ. ಈ ಮಾತು ಬಂದೊಡನೆ ಕೆಲವು ಶ್ರಾವಕರು ಇದು ಗರಡಿಮನೆಯ ವಿಷಯ, ಪೈಲ್ವಾನರ ವಿಷಯ ಎಂದು ಮುಖ ತಿರುಗಿಸುತ್ತಾರೆ. ಸಾಮಾಯಿಕಕ್ಕೆ ಕುಳಿತವರು ಕೈಯೂರದೆ ಮೇಲೇಳಬೇಕಾದರೆ ತೊಡೆಯ ಸ್ನಾಯು ಬೇಕು. ವಿಂಧ್ಯಗಿರಿಯ ಆರುನೂರಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಹತ್ತಿ ಬಾಹುಬಲಿ ಸ್ವಾಮಿಯ ದರ್ಶನ ಪಡೆಯಬೇಕಾದರೆ ಅದೇ ಬೇಕು. ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಏಕಭುಕ್ತವಿದೆ, ಅದರ ಜೊತೆಯಲ್ಲಿಯೇ ನಿಂತು ಆಹಾರ ಸ್ವೀಕರಿಸುವ ಸ್ಥಿತಿಭೋಜನವೂ ಇದೆ. ಏಕಭುಕ್ತದ ಉದಾಹರಣೆ ಕೊಡುವವರು ಸ್ಥಿತಿಭೋಜನವನ್ನು ಏಕೆ ಮರೆಯುತ್ತಾರೆ? ಕಾಲಿನಲ್ಲಿ ಬಲವಿಲ್ಲದವನಿಗೆ ಆ ಮೂಲಗುಣವೇ ಸಾಧ್ಯವಿಲ್ಲ. ಮೇಲಾಗಿ ಮುನಿಗಳು ನಿತ್ಯ ವಿಹಾರ ಮಾಡುವವರು, ಮೈಲಿಗಟ್ಟಲೆ ನಡೆಯುವವರು. ಗಾದಿಯ ಮೇಲೆ ಹತ್ತು ಗಂಟೆ ಕುಳಿತಿರುವ ವರ್ತಕನು ಅವರ ಒಂದು ಮೂಲಗುಣವನ್ನು ಮಾತ್ರ ಎರವಲು ತಂದುಕೊಂಡರೆ ಅದು ಅವರ ದಾರಿಯಾಗುವುದಿಲ್ಲ.

ದೇಹದ ಸ್ನಾಯು ಕಲ್ಲಿನ ಕಂಬದಂತೆ ಒಮ್ಮೆ ಕಟ್ಟಿ ಬಿಟ್ಟ ವಸ್ತುವಲ್ಲ. ಅದರ ಸಸಾರಜನಕ, ಎಂದರೆ ಪ್ರೋಟೀನು, ದಿನವೂ ಸ್ವಲ್ಪ ಸ್ವಲ್ಪ ಕರಗುತ್ತಿರುತ್ತದೆ, ದಿನವೂ ಸ್ವಲ್ಪ ಸ್ವಲ್ಪ ಹೊಸದಾಗಿ ಕೂಡಿಕೊಳ್ಳುತ್ತಿರುತ್ತದೆ. ಪ್ರೋಟೀನು ಸಾಕಷ್ಟಿರುವ ಊಟವಾದ ಮೇಲೆ ಕೆಲವು ಗಂಟೆ ಕಟ್ಟುವ ಕೆಲಸ ಮುಂದಾಗುತ್ತದೆ. ಹೊಟ್ಟೆ ಬರಿದಾದಾಗ ಕರಗುವ ಕೆಲಸ ಮುಂದಾಗುತ್ತದೆ. ಕೊಬ್ಬಿಗೆ ದೇಹದಲ್ಲಿ ದೊಡ್ಡ ಉಗ್ರಾಣವಿದೆ. ಪಿಷ್ಟಕ್ಕೂ ಯಕೃತ್ತಿನಲ್ಲಿ ಸಣ್ಣದೊಂದು ಉಗ್ರಾಣವಿದೆ. ಪ್ರೋಟೀನಿಗೆ ಅಂಥ ಪ್ರತ್ಯೇಕ ಉಗ್ರಾಣವಿಲ್ಲ, ಸ್ನಾಯುವೇ ಅದರ ಉಗ್ರಾಣ. ಊಟ ಕಡಿಮೆಯಾಗಿ ಯಕೃತ್ತಿನ ದಾಸ್ತಾನು ಮುಗಿದಾಗ ಮಿದುಳಿಗೆ ಬೇಕಾದ ಸಕ್ಕರೆಯನ್ನು ದೇಹವು ಸ್ನಾಯುವಿನ ಅಮೈನೋ ಆಮ್ಲಗಳಿಂದಲೂ ತಯಾರಿಸಿಕೊಳ್ಳುತ್ತದೆ. ಸಾಲಗಾರನು ಬಡ್ಡಿ ಕಟ್ಟಲು ಅಂಗಡಿಯ ಬಾಗಿಲು ಕಿತ್ತು ಮಾರಿದಂತೆ ಇದು. ಪೂರ್ಣ ಉಪವಾಸವು ಹಲವು ದಿನ ಮುಂದುವರಿದಾಗ ಮಿದುಳು ಕೊಬ್ಬಿನಿಂದ ಹುಟ್ಟುವ ಕೀಟೋನುಗಳನ್ನು ಬಳಸತೊಡಗಿ ಸ್ನಾಯುವಿನ ಸವೆತ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಅರವತ್ತು ದಾಟಿದವರಲ್ಲಿ ಇನ್ನೊಂದು ತೊಡಕಿದೆ. ಯುವಕರ ಸ್ನಾಯು ಸ್ವಲ್ಪ ಪ್ರೋಟೀನು ಸಿಕ್ಕರೂ ಎಚ್ಚೆತ್ತು ಕಟ್ಟುವ ಕೆಲಸಕ್ಕೆ ತೊಡಗುತ್ತದೆ. ವೃದ್ಧರ ಸ್ನಾಯುವಿಗೆ ಅಷ್ಟು ಸಾಲದು. ಒಂದು ಊಟಕ್ಕೆ 25ರಿಂದ 30 ಗ್ರಾಂ ಪ್ರೋಟೀನು ಸಿಕ್ಕರೆ ಮಾತ್ರ ವೃದ್ಧರಲ್ಲಿ ಆ ಕೆಲಸ ಚೆನ್ನಾಗಿ ನಡೆಯುತ್ತದೆಂದು ತಜ್ಞರು ಸಾಮಾನ್ಯವಾಗಿ ಹೇಳುತ್ತಾರೆ. ಈ ವಯಸ್ಸಿನಲ್ಲಿ ಕಳೆದುಕೊಂಡ ಸ್ನಾಯುವನ್ನು ಮರಳಿ ಪಡೆಯುವುದು ಬಹಳ ಕಷ್ಟ. ಪಥ್ಯ ಬಿಟ್ಟ ಮೇಲೆ ತೂಕ ಮರಳಿ ಬರುತ್ತದೆ, ಆದರೆ ಬರುವುದು ಹೆಚ್ಚಾಗಿ ಕೊಬ್ಬಾಗಿ. ಸ್ನಾನದ ಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯ ಬಗ್ಗೆ ಮನೆಯವರು ಕರ್ಮದ ಉದಯವೆಂದು ನಿಟ್ಟುಸಿರು ಬಿಡುತ್ತಾರೆ. ಕರ್ಮದ ಉದಯವಿರಬಹುದು. ಜಾರಿದಾಗ ಸಾವರಿಸಿಕೊಳ್ಳುವ ಬಲ ಕಾಲಿನಲ್ಲಿ ಏಕೆ ಉಳಿದಿರಲಿಲ್ಲ ಎಂಬುದನ್ನೂ ವಿಚಾರಿಸಬೇಕು.

ಇನ್ನು ವಿಜ್ಞಾನದ ಮೊಹರಿನ ವಿಷಯ. 2020ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದ ಸಂಶೋಧಕರು 116 ಜನರ ಮೇಲೆ ಹನ್ನೆರಡು ವಾರ ನಡೆಸಿದ ಪರೀಕ್ಷೆಯ ವರದಿಯನ್ನು ಪ್ರಕಟಿಸಿದರು. ದಿನಕ್ಕೆ ಎಂಟು ಗಂಟೆಯೊಳಗೆ ಮಾತ್ರ ಉಣ್ಣಬೇಕೆಂದು ಒಂದು ಗುಂಪಿಗೆ ಹೇಳಲಾಗಿತ್ತು. ಆ ಗುಂಪಿನವರ ತೂಕ ಸರಾಸರಿ ಒಂದು ಕಿಲೋದಷ್ಟೂ ಇಳಿಯಲಿಲ್ಲ; ಮೂರು ಹೊತ್ತು ಉಂಡವರಿಗೂ ಇವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅವರಲ್ಲಿ ಕೆಲವರನ್ನು ಯಂತ್ರದಿಂದ ಅಳೆದು ನೋಡಿದಾಗ ಇಳಿದ ತೂಕದ ಸುಮಾರು ಮೂರನೆಯ ಎರಡು ಭಾಗ ಕೊಬ್ಬಲ್ಲದ ಅಂಶವಾಗಿತ್ತು. ಸಾಮಾನ್ಯ ಪಥ್ಯದಲ್ಲಿ ಅದು ಕಾಲು ಭಾಗದ ಆಸುಪಾಸಿನಲ್ಲಿರುತ್ತದೆ. ಕೊಬ್ಬಲ್ಲದ ಅಂಶವೆಲ್ಲ ಸ್ನಾಯುವೇ ಅಲ್ಲ, ನೀರೂ ಅದರಲ್ಲಿ ಸೇರಿದೆ ಎಂಬುದನ್ನು ಒಪ್ಪಿಕೊಂಡರೂ ಈ ಲೆಕ್ಕ ಚಪ್ಪಾಳೆಗೆ ಯೋಗ್ಯವಾದುದಲ್ಲ.

ಆ ಎಂಟು ಗಂಟೆ ಯಾವುದೆಂದು ಭಾಷಣಕಾರರು ಹೇಳುವುದಿಲ್ಲ. ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ! ಬೆಳಗಿನದನ್ನು ಬಿಟ್ಟು ಕತ್ತಲಾದ ಮೇಲೆ ಉಣ್ಣುವ ಈ ಪದ್ಧತಿಯನ್ನು ರಾತ್ರಿಭೋಜನ ತ್ಯಾಗಕ್ಕೆ ಸಾಕ್ಷಿಯಾಗಿ ತಂದು ನಿಲ್ಲಿಸುವುದು ಎಂಥ ವಿಪರ್ಯಾಸ! ಹಗಲಿನಲ್ಲಿಯೇ ಉಣ್ಣಿಸಿ ನೋಡಿದ ಪರೀಕ್ಷೆಯೂ ಇದೆ. ಚೀನಾದ ಗ್ವಾಂಗ್‌ಝೌ ನಗರದಲ್ಲಿ 139 ಸ್ಥೂಲಕಾಯದವರನ್ನು ಒಂದು ವರ್ಷ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಎಲ್ಲರ ಆಹಾರವನ್ನೂ ಸಮನಾಗಿ ತಗ್ಗಿಸಿ, ಅರ್ಧ ಜನರಿಗೆ ಮಾತ್ರ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಉಣ್ಣುವ ಕಟ್ಟಳೆ ಹಾಕಿದ್ದರು. ವರ್ಷದ ಕೊನೆಗೆ ಎರಡೂ ಗುಂಪಿನವರ ತೂಕ ಇಳಿದಿತ್ತು. ಗಡಿಯಾರದ ಕಟ್ಟಳೆಯಿಂದ ಹೆಚ್ಚಿನ ಲಾಭವಾಯಿತೆಂದು ಹೇಳುವಷ್ಟು ವ್ಯತ್ಯಾಸವಿರಲಿಲ್ಲ. ತೂಕ ಇಳಿಸಿದ್ದು ಕಡಿಮೆ ಊಟ. ಶ್ರಾವಕನು ಸೂರ್ಯಾಸ್ತಕ್ಕೆ ಮುನ್ನ ಉಣ್ಣುವುದು ಜೀವಹಿಂಸೆಯನ್ನು ತಪ್ಪಿಸಲು. ಆ ಕಾರಣಕ್ಕೆ ಗ್ವಾಂಗ್‌ಝೌವಿನ ಸಾಕ್ಷ್ಯ ಬೇಕಾಗಿಲ್ಲ, ನಾಳೆ ಬೇರೊಂದು ಪರೀಕ್ಷೆ ಪ್ರತಿಕೂಲವಾಗಿ ಬಂದರೂ ಆ ಕಾರಣ ಅಳಿಯುವುದಿಲ್ಲ. ಇಂದು ವಿಜ್ಞಾನದ ಮೊಹರಿಗಾಗಿ ಕೈ ಚಾಚಿದವರು ನಾಳೆ ಅದೇ ವಿಜ್ಞಾನ ಬೇರೆ ಮಾತಾಡಿದರೆ ವ್ರತವನ್ನೇ ಬಿಡುತ್ತಾರೆಯೇ?

ವ್ರತವನ್ನು ಬಿಡದೆ, ಸ್ನಾಯುವನ್ನೂ ಕಳೆದುಕೊಳ್ಳದೆ ತೂಕ ಇಳಿಸುವ ದಾರಿ ಜೈನರ ಅಡಿಗೆಮನೆಯಲ್ಲಿಯೇ ಇದೆ. ಅದನ್ನು ನೋಡುವ ಮೊದಲು ಅಲ್ಲಿ ಈಗ ನಡೆಯುತ್ತಿರುವ ವ್ಯವಹಾರದ ಜಮಾ-ಖರ್ಚು ತೆಗೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ನಿಗದಿಪಡಿಸಿದಂತೆ ವಯಸ್ಕರಿಗೆ ದೇಹದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ವೃದ್ಧರಿಗೆ ಒಂದರಿಂದ 1.2 ಗ್ರಾಂ ಬೇಕೆಂದು 2013ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಗುಂಪೊಂದು ಹೇಳಿತು. 65 ಕಿಲೋ ತೂಕದ ವರ್ತಕನಿಗೆ ಮೊದಲ ಲೆಕ್ಕದಲ್ಲಿ 54 ಗ್ರಾಂ, ಎರಡನೆಯ ಲೆಕ್ಕದಲ್ಲಿ 65ರಿಂದ 78 ಗ್ರಾಂ. ಅವನಿಗೆ ಸಿಗುವುದೆಷ್ಟು? ಬೆಳಿಗ್ಗೆ ಒಂದು ತಟ್ಟೆ ಉಪ್ಪಿಟ್ಟು, ಒಂದು ಲೋಟ ಕಾಫಿ: ಎಂಟು ಗ್ರಾಂ. ಮಧ್ಯಾಹ್ನ ಅನ್ನ, ತೊಗರಿಬೇಳೆಯನ್ನು ಹುಡುಕಬೇಕಾದಂಥ ತಿಳಿಸಾರು, ಪಲ್ಯ: ಹದಿನೈದು ಗ್ರಾಂ. ಸಂಜೆ ಐದಕ್ಕೆ ಅಂಗಡಿಯಲ್ಲಿಯೇ ಸ್ವಲ್ಪ ಅವಲಕ್ಕಿ, ಒಂದು ಲೋಟ ಹಾಲು: ಒಂಬತ್ತು ಗ್ರಾಂ. ಒಟ್ಟು ಮೂವತ್ತೆರಡು. ತೂಕ ಇಳಿಸಲು ಬೆಳಗಿನದನ್ನೂ ಸಂಜೆಯದನ್ನೂ ಬಿಟ್ಟಾಗ ಉಳಿಯುವುದು ಆ ಹದಿನೈದೇ. ಈ ಮುಗ್ಗಟ್ಟಿನಲ್ಲಿ ಸ್ನಾಯು ಉಳಿಯುವುದಾದರೂ ಹೇಗೆ?

ಇದಕ್ಕೆ ಉತ್ತರವಾಗಿ ಹಿರಿಯರು ಅಜ್ಜ-ಮುತ್ತಜ್ಜಂದಿರ ಕಾಲವನ್ನು ನೆನಪಿಸುತ್ತಾರೆ. ಅವರು ಯಾವ ಗ್ರಾಂ ಲೆಕ್ಕ ಹಾಕುತ್ತಿದ್ದರು, ನೂರು ವರ್ಷ ಬದುಕಲಿಲ್ಲವೇ ಎಂಬ ವಾದ. ಆ ಅಜ್ಜ ಧಾನ್ಯದ ಮೂಟೆಯನ್ನು ತಾನೇ ಎತ್ತುತ್ತಿದ್ದ, ಸಂತೆಯಿಂದ ಸಂತೆಗೆ ನಡೆಯುತ್ತಿದ್ದ. ಅಜ್ಜಿ ಬಾವಿಯಿಂದ ನೀರು ಸೇದುತ್ತಿದ್ದಳು, ಬೀಸುತ್ತಿದ್ದಳು, ಕುಟ್ಟುತ್ತಿದ್ದಳು. ಅವರು ಹುರುಳಿ, ಅಲಸಂದೆ, ಹೆಸರುಗಳನ್ನು ಮುಷ್ಟಿಗಟ್ಟಲೆ ಬೇಯಿಸಿ ಉಣ್ಣುತ್ತಿದ್ದರು. ಮೊಮ್ಮಗನು ಅವರ ದುಡಿಮೆಯನ್ನು ಬಿಟ್ಟಿದ್ದಾನೆ, ಕಾಳನ್ನೂ ಬಿಟ್ಟಿದ್ದಾನೆ, ಉಪವಾಸವನ್ನು ಮಾತ್ರ ಉಳಿಸಿಕೊಂಡಿದ್ದಾನೆ. ಭಾರತೀಯರು ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಎಂಬುದನ್ನು ಪುಣೆಯ ಡಾ. ಚಿತ್ತರಂಜನ ಯಾಜ್ಞಿಕರು ಬಹುಕಾಲದಿಂದ ತೋರಿಸುತ್ತ ಬಂದಿದ್ದಾರೆ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ತಮ್ಮಿಬ್ಬರಲ್ಲಿಯೂ 22.3 ಆಗಿದ್ದರೂ ತಮ್ಮ ದೇಹದ ಕೊಬ್ಬು ನೂರಕ್ಕೆ 21.2, ಇಂಗ್ಲೆಂಡಿನ ಸಹೋದ್ಯೋಗಿಯದು 9.1 ಎಂದು ಅವರು 2004ರಲ್ಲಿ ಪ್ರಕಟಿಸಿದ ಚಿತ್ರ ಪ್ರಸಿದ್ಧವಾಗಿದೆ. ಮೊದಲೇ ಸ್ನಾಯುವಿನ ಬಂಡವಾಳ ಕಡಿಮೆಯಿರುವ ಜನರು ಅದನ್ನೇ ಕರಗಿಸಿ ತೂಕ ಇಳಿಸಿಕೊಂಡೆವೆಂದು ಹಿಗ್ಗುವುದು ಯಾವ ಜಾಣತನ?

ಹೊತ್ತಿನ ಪ್ರಶ್ನೆಯೂ ಇಲ್ಲಿ ಮುಖ್ಯವಾಗುತ್ತದೆ. ಸೂರ್ಯೋದಯದ ನಂತರದ ಎರಡು ಘಳಿಗೆ ಮತ್ತು ಸೂರ್ಯಾಸ್ತದ ಮುಂಚಿನ ಎರಡು ಘಳಿಗೆಗಳನ್ನು, ಎಂದರೆ ನಲವತ್ತೆಂಟು ನಲವತ್ತೆಂಟು ನಿಮಿಷಗಳನ್ನು, ಬಿಡುವ ಮನೆಗಳಲ್ಲಿ ಡಿಸೆಂಬರ್ ತಿಂಗಳಿನಲ್ಲಿ ಊಟಕ್ಕೆ ಸಿಗುವ ಅವಧಿ ಸುಮಾರು ಏಳೂಕಾಲರಿಂದ ಐದೂ ಹತ್ತರವರೆಗೆ, ಹತ್ತು ಗಂಟೆಗಿಂತ ಕಡಿಮೆ. ಉಳಿದ ಹದಿನಾಲ್ಕು ಗಂಟೆ ದೇಹ ಬರಿಹೊಟ್ಟೆಯಲ್ಲಿರುತ್ತದೆ. ಇಷ್ಟು ದೀರ್ಘ ವಿರಾಮವಿರುವವನು ಆ ವಿರಾಮದ ಎರಡು ತುದಿಗಳನ್ನು ಬಲಪಡಿಸಬೇಕು: ಬೆಳಗಿನ ಮೊದಲ ಊಟ, ಸಂಜೆಯ ಕೊನೆಯ ಊಟ. ನಡೆಯುತ್ತಿರುವುದು ಇದಕ್ಕೆ ವಿರುದ್ಧ. ಬೆಳಿಗ್ಗೆ ರವೆ, ಸಂಜೆ ಅವಲಕ್ಕಿ, ಎರಡೂ ಕಡೆ ಕಾಳಿನ ಗಂಧವಿಲ್ಲ.

ಟೆಕ್ಸಾಸಿನಲ್ಲಿ 2014ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ ದಿನಕ್ಕೆ 90 ಗ್ರಾಂ ಪ್ರೋಟೀನನ್ನು ಮೂರು ಊಟಗಳಿಗೆ ಸಮನಾಗಿ ಹಂಚಿದಾಗ, ಹೆಚ್ಚಿನ ಭಾಗವನ್ನು ಒಂದೇ ಊಟಕ್ಕೆ ಸುರಿದುದಕ್ಕಿಂತ, ತೊಡೆಯ ಸ್ನಾಯು ಕಟ್ಟುವ ಕೆಲಸ ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚಾಯಿತು. ಇದಕ್ಕೆ ಎದುರಾದ ಸಾಕ್ಷ್ಯವನ್ನು ಬಚ್ಚಿಡುವುದು ಅನೇಕಾಂತವನ್ನು ನಂಬುವವರಿಗೆ ಶೋಭಿಸುವುದಿಲ್ಲ. ಫ್ರಾನ್ಸಿನಲ್ಲಿ 1999ರಲ್ಲಿ ವೃದ್ಧ ಸ್ತ್ರೀಯರಿಗೆ ದಿನದ ಪ್ರೋಟೀನಿನ ನೂರಕ್ಕೆ ಎಂಬತ್ತು ಭಾಗವನ್ನು ಮಧ್ಯಾಹ್ನದ ಒಂದೇ ಊಟದಲ್ಲಿ ಕೊಟ್ಟಾಗ, ನಾಲ್ಕು ಊಟಗಳಿಗೆ ಹಂಚಿದ್ದಕ್ಕಿಂತ ಹೆಚ್ಚಾಗಿ ಅದು ದೇಹದಲ್ಲಿ ಉಳಿಯಿತು. ನಾಲ್ಕು ಚೂರು ಮಾಡಿದಾಗ ಪ್ರತಿಯೊಂದು ಚೂರೂ ವೃದ್ಧ ಸ್ನಾಯುವನ್ನು ಎಚ್ಚರಿಸಲು ಸಾಲದೆ ಹೋಗಿರಬಹುದೆಂಬುದು ಅದಕ್ಕೆ ಕೊಡುವ ವಿವರಣೆ. ಹಾಗಾದರೆ ನಿಜವಾದ ವ್ರತವಾಗಿ ಏಕಭುಕ್ತ ಮಾಡುವ ಹಿರಿಯರು ಹೆದರಬೇಕಾಗಿಲ್ಲ. ಒಂದು ಷರತ್ತು ಮಾತ್ರ: ಆ ಫ್ರೆಂಚ್ ಸ್ತ್ರೀಯರ ದಿನದ ಒಟ್ಟು ಮೊತ್ತವನ್ನು ಯಾರೂ ಕಡಿತ ಮಾಡಿರಲಿಲ್ಲ. ಒಪ್ಪೊತ್ತಿನ ಊಟದಲ್ಲಿ ಐವತ್ತು ಗ್ರಾಂ ಇದ್ದರೆ ಅವರ ಸಾಲಿಗೆ ಸೇರಬಹುದು, ಹದಿನೈದು ಗ್ರಾಂ ಇಟ್ಟುಕೊಂಡು ಸೇರಲಾಗದು. ಮೊದಲು ಮೊತ್ತ, ಆಮೇಲೆ ಹೊತ್ತು.

ಈ ಮೊತ್ತವನ್ನು ಜೈನ ಅಡಿಗೆಯಲ್ಲಿ ಮುಟ್ಟಲಾಗದು, ಮೊಟ್ಟೆಯಾದರೂ ಬೇಕು ಎಂದು ಕೆಲವು ವ್ಯಾಯಾಮಶಾಲೆಯ ಪಂಡಿತರು ಜೈನ ಯುವಕರಿಗೆ ಉಪದೇಶಿಸುತ್ತಾರೆ. ಇದು ಶುದ್ಧ ಅಜ್ಞಾನ. ಬೆಳಿಗ್ಗೆ 60 ಗ್ರಾಂ ಹೆಸರುಬೇಳೆಯ ದೋಸೆ ಮಾಡಿದರೆ 14 ಗ್ರಾಂ ಪ್ರೋಟೀನು. ಎರಡು ಗಂಟೆ ನೆನೆಸಿ ರುಬ್ಬಿದರೆ ಸಾಕು. ಹಿಟ್ಟನ್ನು ರಾತ್ರಿಯಿಡೀ ಹುಳಿ ಬರಿಸುವ ದೋಷವಿಲ್ಲ. ಜೊತೆಗೆ 20 ಗ್ರಾಂ ಹುರಿಗಡಲೆಯ ಚಟ್ನಿ, ನಾಲ್ಕು ಗ್ರಾಂ. ಮಧ್ಯಾಹ್ನ ಅನ್ನವನ್ನು ಅರ್ಧದಷ್ಟಕ್ಕೆ ತಗ್ಗಿಸಿ, 50 ಗ್ರಾಂ ತೊಗರಿಬೇಳೆಯ ಗಟ್ಟಿ ತೊವ್ವೆ, ಮುಷ್ಟಿ ಕಡಲೆಯ ಉಸಲಿ: 23 ಗ್ರಾಂ. ಸಂಜೆ ಐದರೊಳಗೆ ಎರಡು ಚಪಾತಿ, ಮನೆಯಲ್ಲಿ ಒಡೆಸಿದ ಹಾಲಿನ 60 ಗ್ರಾಂ ಪನೀರು, ಒಂದು ಲೋಟ ಹಾಲು: 24 ಗ್ರಾಂ. ಒಟ್ಟು 65. ಅಕ್ಕಿ, ಗೋಧಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಯಲ್ಲಿ ಧಾರಾಳ; ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನೀನ್ ಧಾನ್ಯದಲ್ಲಿದೆ. ಅನ್ನ-ತೊವ್ವೆ ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೋಡಿ. ಹಾಲಿನ ಹಿಂದಿರುವ ಹಿಂಸೆಯನ್ನು ಕುರಿತು ಇಂದಿನ ಯುವಕರು ಎತ್ತುವ ಪ್ರಶ್ನೆ ಗಂಭೀರವಾದುದು, ಅದಕ್ಕೆ ಬೇರೆಯೇ ಲೇಖನ ಬೇಕು. ಹಾಲು ಬಿಟ್ಟವರಿಗೆ ಸೋಯಾ ಕಾಳಿದೆ, ನೂರು ಗ್ರಾಮಿಗೆ 36 ಗ್ರಾಮಿಗೂ ಮಿಕ್ಕಿ ಪ್ರೋಟೀನು ಅದರಲ್ಲಿದೆ.

ಮೇಲಿನ ಪಟ್ಟಿಯಲ್ಲಿ ಕಾಳು ಮತ್ತು ಗೋರಸ ಒಂದೇ ಹೊತ್ತಿನಲ್ಲಿ ಕೂಡಲಿಲ್ಲ ಎಂಬುದನ್ನು ಬಲ್ಲವರು ಗಮನಿಸಿರಬಹುದು. ಹಸಿ ಹಾಲಿನ ಮೊಸರು, ಮಜ್ಜಿಗೆಯೊಡನೆ ದ್ವಿದಳ ಧಾನ್ಯವನ್ನು ಬೆರೆಸಬಾರದೆಂಬ ನಿಯಮವನ್ನು ಈಗಿನ ಯುವಕರು ಗೊಡ್ಡು ಕಟ್ಟಳೆಯೆಂದು ನಗುತ್ತಾರೆ. ಆ ನಿಯಮ ಬಂದದ್ದು ಜೀವದಯೆಗಾಗಿ. ಆದರೂ ಅದನ್ನು ಪಾಲಿಸುವ ಗೃಹಿಣಿಯು ಕಾಳನ್ನು ಒಂದು ಹೊತ್ತಿಗೆ, ಹಾಲು-ಮೊಸರನ್ನು ಇನ್ನೊಂದು ಹೊತ್ತಿಗೆ ಇಡಲೇಬೇಕಾಗುತ್ತದೆ. ಪ್ರೋಟೀನು ತಾನಾಗಿ ದಿನದ ಎರಡು ಕಡೆ ಹಂಚಿಹೋಗುತ್ತದೆ. ಮೊಳಕೆ ಕಾಳಿನ ವಿಷಯದಲ್ಲಿಯೂ ಇದೇ ಮಾತು. ಅನಂತಕಾಯವೆಂದು ಅದನ್ನು ಬಿಟ್ಟವರಿಗೆ ಪ್ರೋಟೀನಿನ ನಷ್ಟವೇನೂ ಇಲ್ಲ. ಅಷ್ಟಮಿ-ಚತುರ್ದಶಿಗಳಂದು ಹಸಿರು ತರಕಾರಿ ಬಿಡುವ ಮನೆಗಳಲ್ಲಿ ಒಣ ಕಾಳಿಗೇ ಅಗ್ರಸ್ಥಾನ ಸಿಗಬೇಕಾಗಿತ್ತು, ಆದರೆ ಆ ದಿನಗಳಲ್ಲಿ ಸಿಹಿ ಮತ್ತು ಕರಿದ ತಿಂಡಿ ಆ ಸ್ಥಾನವನ್ನು ಕಬಳಿಸಿದೆ.

ಡಬ್ಬಿಯ ಪುಡಿಗಳನ್ನು ಕುರಿತು ಎರಡು ಮಾತು ಸಾಕು. 2024ರ ಆಹಾರ ಮಾರ್ಗಸೂಚಿಯಲ್ಲಿ ಹೈದರಾಬಾದಿನ ಸಂಸ್ಥೆಯೇ ಮೈ ಬೆಳೆಸಲು ಪ್ರೋಟೀನು ಪುಡಿಗಳನ್ನು ಬಳಸಬಾರದೆಂದು ಎಚ್ಚರಿಸಿದೆ. ಕೊಲಾಜೆನ್ ಎಂಬುದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದದ್ದು, ಮೀನಿನದೂ ಇದೆ. ವೇ ಪುಡಿಯು ಚೀಸ್ ತಯಾರಿಕೆಯಲ್ಲಿ ಉಳಿಯುವ ನೀರಿನಿಂದ ಆದದ್ದು. ಕರುವಿನ ಜಠರದ ರೆನೆಟ್‌ನಿಂದ ಹಾಲು ಒಡೆಸುವ ಪದ್ಧತಿ ವಿದೇಶಗಳಲ್ಲಿದೆ. ಆಲೂಗಡ್ಡೆ ಮುಟ್ಟದ ಮನೆಯ ಕಪಾಟಿನಲ್ಲಿ ಇಂಥ ಡಬ್ಬಿ ಕುಳಿತಿರುವುದನ್ನು ಹಿರಿಯರು ಒಮ್ಮೆ ತೆಗೆದು ಓದಬೇಕು.

ಎಲ್ಲಕ್ಕಿಂತ ನೋವಿನ ಸಂಗತಿ ಹೆಣ್ಣುಮಕ್ಕಳದು. ನಿಶ್ಚಿತಾರ್ಥಕ್ಕೆ ಎರಡು ತಿಂಗಳಿರುವಾಗ ಮಗಳ ಕೈಯಲ್ಲಿ ಏಕಭುಕ್ತದ ನೇಮ ಹಿಡಿಸುವ ತಾಯಂದಿರಿದ್ದಾರೆ. ಬಸದಿಯಲ್ಲಿ ಪಚ್ಚಕ್ಖಾಣ ಕೊಡಿಸುತ್ತಾರೆ, ಉದ್ದೇಶ ಮಾತ್ರ ವರನ ಕಡೆಯವರ ಕಣ್ಣು. ಎಂಬತ್ತರ ಅತ್ತೆಗೆ ಸಂಜೆ ಬರಿಯ ಗಂಜಿ ಕೊಟ್ಟು, ಹಿರಿಯರಿಗೆ ಇಷ್ಟು ಸಾಕು, ಹಗುರವಾಗಿರಲಿ ಎನ್ನುವ ಮನೆಗಳಿವೆ. ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ, ತನ್ನ ಆಶ್ರಯದಲ್ಲಿರುವ ಜೀವಿಗೆ ಅನ್ನ ನೀರು ತಡೆಯುವುದು. ದನಕರುಗಳ, ಆಳುಕಾಳುಗಳ ವಿಷಯದಲ್ಲಿ ಈ ಅತಿಚಾರವನ್ನು ಎಚ್ಚರದಿಂದ ತಪ್ಪಿಸುವವರು ಮಗಳ ತಟ್ಟೆ, ಅತ್ತೆಯ ತಟ್ಟೆಗಳ ಮುಂದೆ ಅದನ್ನು ಮರೆತುಬಿಡುತ್ತಾರೆ. ವೃದ್ಧೆಗೆ ಹಗುರವಾದುದು ಬೇಕು ನಿಜ; ಗಟ್ಟಿ ಹೆಸರುಬೇಳೆಯ ಹುಗ್ಗಿ ಗಂಜಿಯಷ್ಟೇ ಹಗುರ, ಹಾಲು ಅದಕ್ಕಿಂತ ಹಗುರ. ಮೂತ್ರಪಿಂಡದ ಕಾಯಿಲೆಯಿರುವವರು ಪ್ರೋಟೀನು ಹೆಚ್ಚಿಸುವ ಮೊದಲು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಊಟದ ಹೊತ್ತು ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ತಟ್ಟೆಯೊಂದರಿಂದಲೇ ಸ್ನಾಯು ಉಳಿಯುವುದೂ ಇಲ್ಲ. ಅರವತ್ತೈದು ದಾಟಿದ 160 ಸ್ಥೂಲಕಾಯದವರನ್ನು ಕುರಿತ 2017ರ ಅಮೆರಿಕದ ಪರೀಕ್ಷೆಯಲ್ಲಿ ಪಥ್ಯದ ಜೊತೆಗೆ ಬರಿಯ ನಡಿಗೆಯಂಥ ವ್ಯಾಯಾಮ ಮಾಡಿದವರು ಕೊಬ್ಬಲ್ಲದ ಅಂಶದಲ್ಲಿ ನೂರಕ್ಕೆ ಐದರಷ್ಟು ಕಳೆದುಕೊಂಡರು, ಭಾರ ಎತ್ತುವ ವ್ಯಾಯಾಮ ಮಾಡಿದವರು ಎರಡರಷ್ಟು ಮಾತ್ರ. ಮುಂಜಾನೆಯ ವಾಯುಸಂಚಾರ ಒಳ್ಳೆಯದೇ, ಆದರೆ ಅಷ್ಟೇ ಸಾಲದು. ಅಂಗಡಿಯಲ್ಲಿ ಹಮಾಲಿಯನ್ನು ಕೂಗುವ ಮೊದಲು ಹತ್ತು ಕಿಲೋದ ಚೀಲವನ್ನು ತಾನೇ ಎತ್ತಿಡಬಹುದು. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳಬಹುದು, ಕೂರಬಹುದು.

ಉಳಿದದ್ದು ಬಸದಿಗಳ ವಿಶ್ವಸ್ತ ಮಂಡಳಿಗಳ ಹೊಣೆ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಭೋಜನಶಾಲೆಯಲ್ಲಿ ಬಡಿಸುವುದೇನು? ಲಾಡು, ಹೋಳಿಗೆ, ಪಾಯಸ, ಚಿತ್ರಾನ್ನ, ಬೆಟ್ಟದಷ್ಟು ಅನ್ನ, ಸೌಟಿಗೆ ಬೇಳೆ ಹತ್ತದ ಸಾರು. ದಿನಕ್ಕೊಮ್ಮೆ ಮಾತ್ರ ಉಣ್ಣುವ ನೂರಾರು ಜನ ಹತ್ತು ದಿನ ಉಣ್ಣುವುದು ಇದನ್ನೇ. ನಾಲ್ಕಾರು ದಿನ ಪೂರ್ಣ ಉಪವಾಸ ಮಾಡಿದವರ ಪಾರಣೆಗೂ ಸಿಹಿಯೇ ಮೊದಲು ಬರುತ್ತದೆ. ದೀರ್ಘ ಉಪವಾಸದ ಪಾರಣೆ ಹೆಸರುಬೇಳೆಯ ಕಟ್ಟಿನಿಂದ ಅಲ್ಪ ಪ್ರಮಾಣದಲ್ಲಿ ಆರಂಭವಾಗಿ ಮೂರ್ನಾಲ್ಕು ದಿನಗಳಲ್ಲಿ ಮೆಲ್ಲಮೆಲ್ಲನೆ ಪೂರ್ಣ ಊಟಕ್ಕೆ ಬರಬೇಕು. ಹೊತ್ತಿನ ವಿಷಯದಲ್ಲಿಯೂ ಅಷ್ಟೇ. ಅಂಗಡಿ ಬಿಟ್ಟು ಮನೆಗೆ ಹೋಗಲಾಗದ ವರ್ತಕರಿಗಾಗಿ, ಪರವೂರಿನಲ್ಲಿ ಓದುವ ಹುಡುಗರಿಗಾಗಿ ಭೋಜನಶಾಲೆಯು ವರ್ಷವಿಡೀ ಸಂಜೆ ನಾಲ್ಕೂವರೆಗೆ ಬಾಗಿಲು ತೆರೆದರೆ ಎಷ್ಟೋ ಜನ ಬೇಕರಿಯ ಬನ್ನಿನಿಂದ ಪಾರಾಗುತ್ತಾರೆ.

ದಾನಿಗಳು ಸಿಹಿಗೆ ಮಾತ್ರ ಹಣ ಕೊಡುತ್ತಾರೆ, ಬೇಳೆಗೆ ಯಾರು ಕೊಡುತ್ತಾರೆ ಎಂದು ವಿಶ್ವಸ್ತರು ಕೈಚೆಲ್ಲುತ್ತಾರೆ. ದಾನಿಗಳ ಮುಂದೆ ಹಾಗೆ ಕೇಳಿದವರೇ ಇಲ್ಲ. ಭೋಜನಶಾಲೆಯ ಬಾಗಿಲಲ್ಲಿ ತೂಗುಹಾಕಿರುವ ಕಪ್ಪು ಹಲಗೆಯ ಮೇಲೆ ‘ಇಂದಿನ ಲಾಡು ಸೇವೆ’ ಎಂದಿರುವಲ್ಲಿ ‘ಇಂದಿನ ತೊವ್ವೆ ಸೇವೆ’ ಎಂದು ಬರೆದು ಕೆಳಗೆ ದಾನಿಯ ಹೆಸರನ್ನು ಅಷ್ಟೇ ದಪ್ಪ ಅಕ್ಷರಗಳಲ್ಲಿ ಬರೆಯಲು ಒಂದು ತುಂಡು ಸೀಮೆಸುಣ್ಣ ಸಾಕು.